ವೈಕಲ್ಯ ವೇತನದ ಅಪೀಲು: ಕೊಡಗಿನ ಮಾಜಿ ಸೈನಿಕರನ್ನು ಕುರಿತು ಒಂದು ವಿವೇಚನೆ

ಕೊಡಗಿನ ಸೈನಿಕ ಪರಂಪರೆಯನ್ನು ಕುರಿತು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬಂದಿರುವ ಬರವಣಿಗೆ ಅಲ್ಪವೇನೂ ಅಲ್ಲ. 1949ರ ಜನವರಿ 15ರಂದು ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೆ. ಎಂ. ಕಾರ್ಯಪ್ಪನವರು, 1957ರಿಂದ 1961ರವರೆಗೆ ಅದೇ ಸೇನೆಯ ಮುಖ್ಯಸ್ಥರಾಗಿದ್ದು 1965ರಲ್ಲಿ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಪಡೆಯ ಅಧಿಪತಿಗಳಾಗಿರುವಾಗಲೇ ನಿಧನರಾದ ಕೆ. ಎಸ್. ತಿಮ್ಮಯ್ಯನವರು, 1965ರ ಯುದ್ಧದಲ್ಲಿ ಸರ್ಗೋಧಾ ವಿಮಾನ ನೆಲೆಯ ಮೇಲಣ ದಾಳಿಯಲ್ಲಿ ಮಡಿದು 1988ರಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ಪಡೆದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು, ಇವರ ಹೆಸರುಗಳು ಈ ನಾಡಿನ ಮಕ್ಕಳ ಬಾಯಲ್ಲಿವೆ. ತಿಮ್ಮಯ್ಯನವರು ಹುಟ್ಟಿದ ಮಡಿಕೇರಿಯ ‘ಸನ್ನಿಸೈಡ್’ ಮನೆಯು 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಮಡಿದವರಿಗೆ ಸ್ಮಾರಕಗಳಿವೆ, ಗೆದ್ದು ಬಂದವರಿಗೆ ಪ್ರತಿಮೆಗಳಿವೆ. ಇವೆರಡರ ನಡುವೆ ಮತ್ತೊಂದು ವರ್ಗದವರಿದ್ದಾರೆ: ಜೀವಸಹಿತ ಮನೆಗೆ ಮರಳಿದರೂ ಹಾಸಿಗೆಯಿಂದ ತಾವಾಗಿ ಏಳಲಾರದವರು, ಉಣಿಸಲು, ಹೊರಳಿಸಲು, ಸ್ನಾನ ಮಾಡಿಸಲು ಮತ್ತೊಬ್ಬರ ಕೈಯನ್ನು ಪ್ರತಿದಿನವೂ ಅವಲಂಬಿಸಿರುವವರು. ಚರಿತ್ರಕಾರರು ಇವರನ್ನು ಕುರಿತು ಬಹುಮಟ್ಟಿಗೆ ಮೌನವಾಗಿದ್ದಾರೆ. ಇವರ ಚರಿತ್ರೆಯು ಯುದ್ಧವರದಿಗಳಲ್ಲಿ ದೊರೆಯುವುದಿಲ್ಲ; ವೈದ್ಯ ಮಂಡಳಿಯ ನಡವಳಿಗಳಲ್ಲಿ, ತಿರಸ್ಕೃತವಾದ ಅರ್ಜಿಗಳಲ್ಲಿ, ಅಪೀಲುಗಳಲ್ಲಿ ಹುದುಗಿರುತ್ತದೆ.

ಇಂತಹವರು ತಮಗೆ ಬರಬೇಕಾದ ವೈಕಲ್ಯ ವೇತನಕ್ಕಾಗಿ ಸರ್ಕಾರದ ತೀರ್ಮಾನವನ್ನು ಪ್ರಶ್ನಿಸುವ ಕ್ರಮವು ಹೇಗೆ ಬೆಳೆದುಬಂದಿತು, ಕೊಡಗಿನಂತಹ ಒಂದು ಸಣ್ಣ ಮಲೆನಾಡಿನಲ್ಲಿ ಆ ಕ್ರಮವು ಯಾವ ರೂಪವನ್ನು ತಾಳಿತು ಎಂಬುದು ಪ್ರಕೃತ ಲೇಖನದ ವಿಷಯ. ನಿಯಮದ ಅಕ್ಷರವನ್ನು ಓದಿದರೆ ರುಜುವಾತಿನ ಹೊಣೆಯು ಸೈನಿಕನ ಮೇಲೆ ಬಹುಕಾಲ ಇರಲಿಲ್ಲ. ಆದರೆ ಕಾರ್ಯವಿಧಾನವು ಅದೇ ಹೊಣೆಯನ್ನು ಆತನ ಮೇಲೆಯೇ, ಅದರಲ್ಲಿಯೂ ನಡೆಯಲಾರದವನ ಮೇಲೆ ಅತಿ ಭಾರವಾಗಿ ಹೊರಿಸಿತು ಎಂಬುದು ಈ ಲೇಖಕನ ಅಭಿಪ್ರಾಯ.

ಮೊದಲಿಗೆ ಹಳೆಯ ವ್ಯವಸ್ಥೆಯನ್ನು ಸ್ವಲ್ಪ ನೋಡಬೇಕು. 1834ರಲ್ಲಿ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಳ್ಳುವುದಕ್ಕೆ ಮುನ್ನವೂ ಅನಂತರವೂ ಇಲ್ಲಿ ಸೈನಿಕ ಸೇವೆಗೆ ಪ್ರತಿಫಲವಾಗಿದ್ದುದು ಮುಖ್ಯವಾಗಿ ಜಮ್ಮ ಭೂಮಿ. ರಾಜನಿಗೆ ಯುದ್ಧಕಾಲದಲ್ಲಿ ಆಯುಧ ಹಿಡಿದು ಬರುವ ಹೊಣೆಯುಳ್ಳ ಕುಟುಂಬಗಳು ಈ ಭೂಮಿಯನ್ನು ವಂಶಪಾರಂಪರ್ಯವಾಗಿ ಅನುಭವಿಸುತ್ತಿದ್ದವು. ಸಾಗು ಭೂಮಿಗೆ 100 ಭಟ್ಟಿಗೆ 10 ರೂಪಾಯಿ ಕಂದಾಯವಾದರೆ ಜಮ್ಮಕ್ಕೆ 5 ರೂಪಾಯಿ ಮಾತ್ರ. ಇಲ್ಲಿ ಗಮನಿಸಬೇಕಾದುದು ಕಂದಾಯದ ರಿಯಾಯಿತಿಯಲ್ಲ, ಅದು ಯಾರಿಗೆ ಸಲ್ಲುತ್ತಿದ್ದಿತೆಂಬುದು. ಅದು ವ್ಯಕ್ತಿಗೆ ಸಲ್ಲುತ್ತಿರಲಿಲ್ಲ, ಒಕ್ಕಕ್ಕೆ ಸಲ್ಲುತ್ತಿದ್ದಿತು. ಒಕ್ಕದ ಒಬ್ಬನು ಕೈಕಾಲು ಕಳೆದುಕೊಂಡು ಬಂದರೆ ಆತನ ಅನ್ನವು ಐನ್‌ಮನೆಯ ಕಣಜದಿಂದ ಬರಬೇಕಾಗಿತ್ತು; ಆತನ ಗಾಯವು ಎಷ್ಟು ಅಂಶದ್ದೆಂದು ಯಾರೂ ಅಳೆಯಬೇಕಾದ ಪ್ರಸಂಗವಿರಲಿಲ್ಲ. ಇದನ್ನು ಸುವರ್ಣಯುಗವೆಂದು ಹೇಳುವ ಉದ್ದೇಶ ನನಗಿಲ್ಲ. ಜಮ್ಮವಿಲ್ಲದ ಜನರಿಗೆ, ಐನ್‌ಮನೆಯಿಲ್ಲದ ಜನರಿಗೆ ಈ ಆಸರೆಯೂ ಇರಲಿಲ್ಲ. ಒಕ್ಕದೊಳಗೂ ಶುಶ್ರೂಷೆಯ ಶ್ರಮವು ಹೆಂಗಸರ ಪಾಲಿನದಾಗಿಯೇ ಇದ್ದಿತೆಂಬುದರಲ್ಲಿ ಸಂದೇಹವಿಲ್ಲ.

ಸಂಬಳದ ಸೈನ್ಯಕ್ಕೆ ಕೊಡಗಿನವರು ಹೆಚ್ಚುಹೆಚ್ಚಾಗಿ ಸೇರತೊಡಗಿದ ಮೇಲೆ ಈ ಲೆಕ್ಕಾಚಾರವೇ ಬದಲಾಯಿತು. ಪ್ರತಿಫಲವು ಕುಟುಂಬವನ್ನು ಬಿಟ್ಟು ದೇಹವನ್ನು ಹಿಡಿಯಿತು. ದೇಹದ ನಷ್ಟವನ್ನು ಶೇಕಡಾವಾರಾಗಿ ಎಣಿಸುವ ಪದ್ಧತಿ ಬಂದಿತು. ಮೊದಲನೆಯ ಮಹಾಯುದ್ಧದ ಗಾಯಾಳುಗಳ ಸಂಖ್ಯೆಯು ಎಲ್ಲ ದೇಶಗಳ ಸರ್ಕಾರಗಳನ್ನೂ ಈ ಎಣಿಕೆಗೆ ಇಳಿಸಿತೆನ್ನಬಹುದು. ಭಾರತದಲ್ಲಿ ಅಂಗಹೀನ ಸೈನಿಕರಿಗೆ ಕಸಬು ಕಲಿಸುವ ಕ್ವೀನ್ ಮೇರಿ ತಾಂತ್ರಿಕ ಶಾಲೆಯು 1917ರಲ್ಲಿ ಮುಂಬಯಿಯಲ್ಲಿ ಪ್ರಾರಂಭವಾಗಿ ತರುವಾಯ ಪುಣೆಯ ಸಮೀಪದ ಖಡಕಿಗೆ ವರ್ಗವಾಯಿತು. ಅದೇ ಖಡಕಿಯಲ್ಲಿ 1974ರಲ್ಲಿ ಬೆನ್ನುಹುರಿ ಮುರಿದ ಸೈನಿಕರಿಗಾಗಿ ಪ್ರತ್ಯೇಕ ಪುನರ್ವಸತಿ ಕೇಂದ್ರವು ಸ್ಥಾಪಿತವಾಯಿತು. 1978ರಲ್ಲಿ ಮೊಹಾಲಿಯಲ್ಲಿ ಮತ್ತೊಂದು. ದೇಶಕ್ಕೆಲ್ಲ ಇಂತಹ ಕೆಲವೇ ಮನೆಗಳಿರುವುದರಿಂದ, ಉಳಿದವರು ತಮ್ಮ ತಮ್ಮ ಊರುಗಳಲ್ಲಿಯೇ ಮಲಗಿದ್ದಾರೆಂದು ತಿಳಿಯಬೇಕು.

ಅಪೀಲಿನ ಕಥೆಯು ಬ್ರಿಟನ್ನಿನಲ್ಲಿ ಪ್ರಾರಂಭವಾಗುತ್ತದೆ. ಅಲ್ಲಿ 1919ರ ಕಾನೂನಿನಂತೆ ಪಿಂಚಣಿ ಇಲಾಖೆಗೆ ಅಧೀನವಲ್ಲದ ಅಪೀಲು ನ್ಯಾಯಮಂಡಳಿಗಳು ಏರ್ಪಟ್ಟವು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಹೊಸ ಶಾಸನವೊಂದು ಈ ಮಂಡಳಿಗಳನ್ನು ಪುನಃ ರಚಿಸಿತು. ಪ್ರತಿಯೊಂದು ಮಂಡಳಿಯಲ್ಲಿಯೂ ಕಾನೂನು ಬಲ್ಲವನೊಬ್ಬ, ವೈದ್ಯನೊಬ್ಬ, ಸೈನ್ಯದಲ್ಲಿ ಸೇವೆ ಮಾಡಿದವನೊಬ್ಬ ಇರಬೇಕಾಗಿತ್ತು. ಅದೇ ವರ್ಷ ಮತ್ತೊಂದು ಮಹತ್ತ್ವದ ಬದಲಾವಣೆಯೂ ಆಯಿತು: ಅದುವರೆಗೆ ತನ್ನ ಕಾಯಿಲೆಯು ಸೇವೆಯಿಂದ ಬಂದುದೆಂದು ಸೈನಿಕನು ತೋರಿಸಬೇಕಾಗಿದ್ದರೆ, ಇನ್ನು ಮುಂದೆ ಅದು ಸೇವೆಯಿಂದ ಬಂದುದಲ್ಲವೆಂದು ಸರ್ಕಾರವೇ ತೋರಿಸಬೇಕಾಯಿತು. ಸಂದೇಹವಿದ್ದಲ್ಲಿ ಅದರ ಲಾಭವು ಸೈನಿಕನಿಗೆ. ನ್ಯಾಯಮೂರ್ತಿ ಡೆನ್ನಿಂಗ್ ಅವರು 1947ರಲ್ಲಿ ಮಿಲ್ಲರ್ ಎಂಬ ಸೈನಿಕನ ವಿಧವೆಯ ಮೊಕದ್ದಮೆಯಲ್ಲಿ ಈ ಹೊಣೆಯ ತೂಕವನ್ನು ವಿವರಿಸಿದ ತೀರ್ಪು ಇಂದಿಗೂ ಕಾನೂನು ವಿದ್ಯಾರ್ಥಿಗಳಿಗೆ ಪಾಠವಾಗಿದೆ. ಆ ವಿಧವೆಯು ಮೊಕದ್ದಮೆಯಲ್ಲಿ ಸೋತಳೆಂಬುದನ್ನು ಮಾತ್ರ ಪಾಠ ಹೇಳುವವರು ಅನೇಕ ವೇಳೆ ಮರೆಯುತ್ತಾರೆ.

ಸ್ವತಂತ್ರ ಭಾರತವು ಈ ನಿಯಮವನ್ನು ಸ್ವೀಕರಿಸಿತು. ಭೂಸೇನೆಯ 1961ರ ಪಿಂಚಣಿ ನಿಯಮಾವಳಿಯ 173ನೆಯ ನಿಯಮದಂತೆ ವೈಕಲ್ಯ ವೇತನಕ್ಕೆ ಎರಡು ನಿಬಂಧನೆಗಳು: ವೈಕಲ್ಯವು ಸೈನಿಕ ಸೇವೆಯಿಂದ ಉಂಟಾಗಿರಬೇಕು ಅಥವಾ ಸೇವೆಯಿಂದ ಉಲ್ಬಣಿಸಿರಬೇಕು, ಮತ್ತು ಅದು ಶೇಕಡಾ 20ಕ್ಕೆ ಕಡಿಮೆಯಿರಬಾರದು. ಉಂಟಾಯಿತೋ ಉಲ್ಬಣಿಸಿತೋ ಎಂಬುದನ್ನು ನಿರ್ಣಯಿಸುವ ಬಗೆಯನ್ನು ಅರ್ಹತಾ ನಿಯಮಗಳು ಹೇಳುತ್ತವೆ. ಇವುಗಳ 1982ರ ಪಾಠದಲ್ಲಿ ಮೂರು ಮಾತುಗಳು ಸ್ಪಷ್ಟವಾಗಿವೆ. ಸೈನ್ಯಕ್ಕೆ ಸೇರಿದಾಗ ಯಾವ ದೋಷವನ್ನೂ ಬರೆದಿಡದಿದ್ದರೆ ಆತನು ಆಗ ಆರೋಗ್ಯವಂತನಾಗಿದ್ದನೆಂದೇ ಭಾವಿಸತಕ್ಕದ್ದು; ಅರ್ಜಿದಾರನು ತನ್ನ ಅರ್ಹತೆಯನ್ನು ರುಜುವಾತುಪಡಿಸಬೇಕೆಂದು ಕೇಳಕೂಡದು; ಯುಕ್ತವಾದ ಸಂದೇಹದ ಲಾಭವು ಆತನಿಗೆ ಸಲ್ಲತಕ್ಕದ್ದು, ರಣಭೂಮಿಯಲ್ಲಿದ್ದವನಿಗೆ ಇನ್ನೂ ಉದಾರವಾಗಿ ಸಲ್ಲತಕ್ಕದ್ದು. ಇದಕ್ಕಿಂತ ದಯಾಪರವಾದ ನಿಯಮವನ್ನು ಬರೆಯುವುದು ಕಷ್ಟ.

ಆದರೆ ನಿಯಮವು ಬಂದಿತು, ಮಧ್ಯಸ್ಥನು ಬರಲಿಲ್ಲ. ಬ್ರಿಟನ್ನಿನಲ್ಲಿ ಇಲಾಖೆಯ ಹೊರಗಿನ ಮಂಡಳಿಗೆ ಹೋಗುತ್ತಿದ್ದ ಅಪೀಲು ನಮ್ಮಲ್ಲಿ ಇಲಾಖೆಯೊಳಗೇ ಸುತ್ತುತ್ತಿದ್ದಿತು. ಸೈನ್ಯದಿಂದ ಬಿಡುಗಡೆ ಮಾಡುವಾಗ ವೈದ್ಯ ಮಂಡಳಿಯು ಅಭಿಪ್ರಾಯ ಕೊಡುವುದು. ಅಲಹಾಬಾದಿನ ಪಿಂಚಣಿ ಲೆಕ್ಕಪತ್ರ ಕಛೇರಿಯು ಅದನ್ನು ಪರಿಶೀಲಿಸಿ ವೇತನವನ್ನು ಮಂಜೂರು ಮಾಡುವುದು ಅಥವಾ ತಿರಸ್ಕರಿಸುವುದು. ತಿರಸ್ಕಾರದ ವಿರುದ್ಧ 6 ತಿಂಗಳೊಳಗೆ ಮೊದಲ ಅಪೀಲು. ಅದೂ ವಿಫಲವಾದರೆ ಎರಡನೆಯ ಅಪೀಲು, ಇದನ್ನು ಕೇಳುವ ಸಮಿತಿಗೆ ಬಹುಕಾಲ ರಕ್ಷಣಾ ಮಂತ್ರಿಗಳ ಹೆಸರೇ ಇದ್ದಿತು. ಇಷ್ಟೂ ಮೆಟ್ಟಿಲುಗಳಲ್ಲಿ ಅರ್ಜಿದಾರನ ಮುಖವನ್ನು ಕಂಡವರು ಮೊದಲ ವೈದ್ಯ ಮಂಡಳಿಯವರು ಮಾತ್ರವಾಗಿರುವುದು ಅಸಾಧಾರಣವೇನೂ ಆಗಿರಲಿಲ್ಲ. ಮಂಡಳಿಯು ಕೊಟ್ಟ ಅಭಿಪ್ರಾಯವನ್ನು ಲೆಕ್ಕಪತ್ರ ಕಛೇರಿಯು ತಾನೇ ತಿದ್ದುವ ರೂಢಿಯೂ ಇದ್ದಿತು. 1993ರ ಜನವರಿಯಲ್ಲಿ ಸ್ಯಾಪರ್ ಮೊಹಿಂದರ್ ಸಿಂಗ್ ಎಂಬಾತನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ರೋಗಿಯನ್ನು ಮೇಲಿನ ವೈದ್ಯ ಮಂಡಳಿಯೊಂದರಿಂದ ಪರೀಕ್ಷೆ ಮಾಡಿಸದೆ ಕಛೇರಿಯು ಮಂಡಳಿಯ ಅಭಿಪ್ರಾಯವನ್ನು ತಳ್ಳಿಹಾಕಲಾಗದೆಂದು ಹೇಳಬೇಕಾಯಿತು. ಇಷ್ಟು ಸರಳವಾದ ಮಾತನ್ನು ಹೇಳಲು ದೇಶದ ಅತ್ಯುನ್ನತ ನ್ಯಾಯಾಲಯವು ಬೇಕಾದುದೇ ವಿಷಯವನ್ನು ತಿಳಿಸುತ್ತದೆ.

ತಿರಸ್ಕಾರದ ಪತ್ರಗಳಲ್ಲಿ ಮೇಲಿಂದ ಮೇಲೆ ಬರುವ ಒಂದು ವಾಕ್ಯವಿದೆ: ವೈಕಲ್ಯವು ಸೇವೆಯಿಂದ ಉಂಟಾದುದೂ ಅಲ್ಲ, ಸೇವೆಯಿಂದ ಉಲ್ಬಣಿಸಿದುದೂ ಅಲ್ಲ. ಇಂಗ್ಲಿಷ್ ವಾಕ್ಯದ ಮೊದಲಕ್ಷರಗಳನ್ನು ಕೂಡಿಸಿ ದಂಡಿನವರು ಇದನ್ನು ‘ನಾನಾ’ ಎಂದು ಕರೆಯುತ್ತಾರೆ. ಕನ್ನಡದಲ್ಲಿ ನಾನಾ ಎಂದರೆ ಬಗೆಬಗೆಯದು, ಹಲವು. ಆ ಪತ್ರದಲ್ಲಿ ಅದರ ಅರ್ಥ ಏನೂ ಇಲ್ಲವೆಂಬುದೇ. ಕಾಯಿಲೆಯು ದೇಹಪ್ರಕೃತಿಯಿಂದ ಬಂದುದೆಂಬ ಒಂದು ಪದವನ್ನು ಬರೆದು, ಕಾರಣವನ್ನು ಬರೆಯದೆ ಬಿಟ್ಟ ಮಂಡಳಿಗಳು ಅನೇಕ. 1985ರಲ್ಲಿ ಸಿಗ್ನಲ್ಸ್ ದಳಕ್ಕೆ ಸೇರಿ 1994ರಲ್ಲಿ ಅಪಸ್ಮಾರದ ಕಾರಣದಿಂದ ಶೇಕಡಾ 20ರ ವೈಕಲ್ಯದೊಡನೆ ಹೊರಬಂದ ಧರಮ್‌ವೀರ್ ಸಿಂಗ್ ಎಂಬಾತನಿಗೆ ದೊರೆತುದು ಇಂತಹ ಪತ್ರವೇ. ಹೈಕೋರ್ಟಿನ ಏಕ ನ್ಯಾಯಾಧೀಶರು ಆತನ ಪರವಾಗಿಯೂ ವಿಭಾಗೀಯ ಪೀಠವು ವಿರುದ್ಧವಾಗಿಯೂ ತೀರ್ಪಿತ್ತ ಮೇಲೆ, 2013ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಅರ್ಹತಾ ನಿಯಮಗಳನ್ನು ಒಂದೊಂದಾಗಿ ಓದಿ ಆತನಿಗೆ ವೇತನವನ್ನು ಕೊಡಿಸಿತು. ನ್ಯಾಯಾಲಯವು ಹೊಸ ತತ್ತ್ವವನ್ನೇನೂ ಕಂಡುಹಿಡಿಯಲಿಲ್ಲ. ಸರ್ಕಾರದ ನಿಯಮವನ್ನು ಸರ್ಕಾರಕ್ಕೆ ಓದಿ ಹೇಳಿತು, ಅಷ್ಟೆ. ನಾಲ್ಕು ವರ್ಷಗಳ ಹಿಂದೆ, 2009ರಲ್ಲಿ, ಎ. ವಿ. ದಾಮೋದರನ್ ಎಂಬಾತನ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ವೈದ್ಯ ಮಂಡಳಿಯ ಅಭಿಪ್ರಾಯಕ್ಕೆ ಪ್ರಾಧಾನ್ಯವಿತ್ತು ಸೈನಿಕನ ವಿರುದ್ಧ ನಿರ್ಣಯಿಸಿದ್ದಿತು. 2015ರ ಫೆಬ್ರುವರಿಯಲ್ಲಿ ರಾಜ್‌ಬೀರ್ ಸಿಂಗ್ ಮೊದಲಾದವರ ಮೊಕದ್ದಮೆಗಳಲ್ಲಿ 2013ರ ತೀರ್ಪೇ ಸ್ಥಿರವಾಯಿತು.

ಇಲ್ಲಿಯವರೆಗೆ ಹೇಳಿದುದು ವೈಕಲ್ಯ ವೇತನವನ್ನು ಕುರಿತು. ಪ್ರತಿದಿನದ ಶುಶ್ರೂಷೆ ಬೇಕಾದವನಿಗೆ ಮತ್ತೊಂದು ಭತ್ಯೆಯಿದೆ. ಅದನ್ನು ನಿರಂತರ ಪರಿಚರ್ಯಾ ಭತ್ಯೆ ಎನ್ನಬಹುದು. ಇದರ ನಿಬಂಧನೆಗಳನ್ನು ವಾಚಕರು ಸ್ವಲ್ಪ ತಾಳ್ಮೆಯಿಂದ ನೋಡಬೇಕು, ಏಕೆಂದರೆ ವಿಷಯದ ತಿರುಳು ಇಲ್ಲಿದೆ. ಮೊದಲನೆಯದಾಗಿ ವೈಕಲ್ಯವು ಸೇವೆಯ ಸಂಬಂಧವುಳ್ಳದ್ದೆಂದು ಅಂಗೀಕೃತವಾಗಿರಬೇಕು. ಆ ಮೇಲೆ ಅದು ಪೂರ್ತಿ ಶೇಕಡಾ 100 ಆಗಿರಬೇಕು. ಅನಂತರ, ಕನಿಷ್ಠ 3 ತಿಂಗಳ ಕಾಲ ಪರಿಚಾರಕನೊಬ್ಬನು ಸದಾ ಬೇಕೆಂದು ವೈದ್ಯ ಮಂಡಳಿಯು ಶಿಫಾರಸು ಮಾಡಬೇಕು. ಮತ್ತು ಆ ಆವಶ್ಯಕತೆಯು ಅಂಗೀಕೃತ ವೈಕಲ್ಯವೊಂದರಿಂದಲೇ ಹುಟ್ಟಿರಬೇಕು. ಈ ಕಡೆಯ ‘ಒಂದರಿಂದಲೇ’ ಎಂಬ ಪದದಲ್ಲಿ ಎಷ್ಟು ಜನರ ಅರ್ಜಿಗಳು ಮುಗ್ಗರಿಸುತ್ತವೆಯೋ! ಮೂವತ್ತನೆಯ ವಯಸ್ಸಿನಲ್ಲಿ ಬೆನ್ನಿಗೆ ಪೆಟ್ಟು ಬಿದ್ದವನಿಗೆ ಅರವತ್ತೈದನೆಯ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆಯೂ ಮಂಡಿನೋವೂ ಬರುತ್ತವೆ. ಆತನು ಏಳಲಾರದೆ ಹೋದುದು ಬೆನ್ನಿನಿಂದಲೋ, ಮಂಡಿಯಿಂದಲೋ, ವಯಸ್ಸಿನಿಂದಲೋ? ವೈದ್ಯನು ಪ್ರಾಮಾಣಿಕನಾಗಿದ್ದರೂ ಉತ್ತರ ಹೇಳುವುದು ಕಷ್ಟ. ಪತ್ರ ಬರೆಯುವ ಗುಮಾಸ್ತನಿಗೆ ಮಾತ್ರ ಬಹು ಸುಲಭ. ಮೊದಲನೆಯ ಮೆಟ್ಟಿಲಿನಲ್ಲಿ, ಅರ್ಥಾತ್ ಸೇವೆಯ ಸಂಬಂಧದ ಪ್ರಶ್ನೆಯಲ್ಲಿ, ಮೂವತ್ತು ವರ್ಷಗಳ ಹಿಂದೆ ಅಪೀಲು ಮಾಡದೆ ಸುಮ್ಮನಾದವನಿಗೆ ಕಡೆಯ ಮೆಟ್ಟಿಲು ತಾನಾಗಿಯೇ ಮುಚ್ಚಿಹೋಗಿರುತ್ತದೆ. ಶುಶ್ರೂಷೆಯ ಅಪೀಲನ್ನು ಗೆಲ್ಲಬೇಕಾದವನು ತನ್ನ ಯೌವನದ ಅಪೀಲನ್ನು ಮೊದಲು ಗೆದ್ದಿರಬೇಕು.

ಶೇಕಡಾವಾರು ಎಣಿಕೆಯ ಕಾಠಿಣ್ಯವನ್ನು ಕಡಿಮೆ ಮಾಡಲು ಕೆಲವು ಪ್ರಯತ್ನಗಳು ನಡೆದಿವೆಯೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. 1996ರ ಜನವರಿ 1ರಿಂದ ಜಾರಿಗೆ ಬರುವಂತೆ 2001ರ ಜನವರಿ 31ರಂದು ಹೊರಟ ಆಜ್ಞೆಯು, ಶೇಕಡಾ 50ಕ್ಕಿಂತ ಕಡಿಮೆಯಾದುದನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, ಅದಕ್ಕೆ ಮೇಲ್ಪಟ್ಟುದನ್ನು 100 ಎಂದೂ ಲೆಕ್ಕ ಹಿಡಿಯಬೇಕೆಂದಿತು. ಸೈನ್ಯವು ಅವಧಿಗೆ ಮುನ್ನ ಹೊರಗೆ ಕಳುಹಿಸಿದವರಿಗೆ ಮಾತ್ರ ಇದ್ದ ಈ ಅನುಕೂಲವು 2014ರ ಡಿಸೆಂಬರ್ 10ರ ರಾಮ್ ಅವತಾರ್ ತೀರ್ಪಿನಿಂದ ಅವಧಿ ಮುಗಿಸಿದವರಿಗೂ ದೊರೆಯಿತು. ಪರಿಚರ್ಯಾ ಭತ್ಯೆಯು ಐದನೆಯ ವೇತನ ಆಯೋಗದ ಕಾಲದಲ್ಲಿ ತಿಂಗಳಿಗೆ 600 ರೂಪಾಯಿ, ಆರನೆಯದರ ಕಾಲದಲ್ಲಿ 3,000. 2017ರ ಜುಲೈನಿಂದ 6,750 ಆಯಿತು. ಕಡೆಯ ಮೊತ್ತವನ್ನು 30 ದಿನಗಳಿಗೆ ಹಂಚಿದರೆ ದಿನಕ್ಕೆ 225 ರೂಪಾಯಿ. ಹಗಲಿನ ಜೊತೆಗೆ ರಾತ್ರಿಯೂ ಸೇರಿದ ಕೆಲಸಕ್ಕೆ ಈ ಹಣದಿಂದ ಕೊಡಗಿನ ಯಾವ ಊರಿನಲ್ಲಿಯೂ ಆಳು ಸಿಕ್ಕುವುದಿಲ್ಲವೆಂಬುದು ಕಾಫಿ ಕೊಯ್ಲಿನ ಕಾಲದಲ್ಲಿ ಕೂಲಿಯಾಳನ್ನು ಹುಡುಕಿದ ಎಲ್ಲರಿಗೂ ತಿಳಿದದ್ದೇ. ಆದರೂ ಕೆಲವು ಮನೆಗಳಿಗೆ ಅದು ಬಂದರೆ ಔಷಧದ ಲೆಕ್ಕ ಸರಿಹೋಗುತ್ತದೆ.

ಇನ್ನು ಕೊಡಗಿನ ಮಾತಿಗೆ ಬರೋಣ. ಇಲ್ಲಿಯ ಮಾಜಿ ಸೈನಿಕನ ಸ್ಥಿತಿಗೂ ಪಂಜಾಬಿನ ಅಥವಾ ಗಢವಾಲದ ಮಾಜಿ ಸೈನಿಕನ ಸ್ಥಿತಿಗೂ ಒಂದು ಭೇದವಿದೆ. ಅದನ್ನು ಇದುವರೆಗೆ ಯಾರೂ ಅಷ್ಟಾಗಿ ಗಮನಿಸಿದಂತೆ ಕಾಣುವುದಿಲ್ಲ. ದೊಡ್ಡ ಸೈನಿಕ ಪ್ರದೇಶಗಳ ಜನರಿಗೆ ತಮ್ಮದೇ ಹೆಸರಿನ ರೆಜಿಮೆಂಟುಗಳಿವೆ, ಒಂದೇ ದಾಖಲೆ ಕಛೇರಿಯಿದೆ. ಒಂದು ಹಳ್ಳಿಯಲ್ಲಿ ಒಬ್ಬನು ಅಪೀಲಿನ ದಾರಿ ಕಂಡರೆ ಉಳಿದವರು ಅದೇ ದಾರಿಯನ್ನು ಹಿಡಿಯುತ್ತಾರೆ. ಕೊಡಗಿಗೆ ಆ ಸೌಕರ್ಯವಿಲ್ಲ. 20ನೆಯ ಶತಮಾನದ ಪ್ರಾರಂಭದಲ್ಲಿ ಮದರಾಸು ಸೈನ್ಯದ ಒಂದು ಪದಾತಿ ಪಡೆಯನ್ನು ‘ಕೂರ್ಗ್ ರೈಫಲ್ಸ್’ ಎಂದು ಪರಿವರ್ತಿಸಿದ್ದುಂಟು. ಅದು ಅಲ್ಪಕಾಲದಲ್ಲಿಯೇ ವಿಸರ್ಜಿತವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಎದ್ದ ಕೊಡಗು ಪಡೆಯು ತರುವಾಯ ಫಿರಂಗಿ ದಳವಾಗಿ ಮಾರ್ಪಟ್ಟಿತು. 2011ರ ಜನಗಣತಿಯಲ್ಲಿಯೂ ಐದೂವರೆ ಲಕ್ಷವನ್ನು ಸ್ವಲ್ಪವೇ ಮೀರಿದ ಜನಸಂಖ್ಯೆಯ ಈ ಜಿಲ್ಲೆಯು ತನ್ನದೇ ಆದ ಪದಾತಿ ರೆಜಿಮೆಂಟನ್ನು ತುಂಬಲಾರದಷ್ಟು ಚಿಕ್ಕದು. ಆದಕಾರಣ ಇಲ್ಲಿಯ ತರುಣರು ಸೈನ್ಯದ ಎಲ್ಲ ದಳಗಳಲ್ಲಿಯೂ ಚದುರಿದರು. ಪರಿಣಾಮವಾಗಿ ಅವರ ಕಾಗದಪತ್ರಗಳೂ ಚದುರಿದವು. ಮದ್ರಾಸ್ ರೆಜಿಮೆಂಟಿನವನ ದಾಖಲೆ ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿ, ಫಿರಂಗಿ ದಳದವನದು ನಾಸಿಕದಲ್ಲಿ, ಸಿಗ್ನಲ್ಸ್‌ನವನದು ಜಬಲ್‌ಪುರದಲ್ಲಿ, ವೈದ್ಯಕೀಯ ದಳದವನದು ಲಖನೌನಲ್ಲಿ, ಯಂತ್ರ ದುರಸ್ತಿಯ ದಳದವನದು ಸಿಕಂದರಾಬಾದಿನಲ್ಲಿ. ಒಂದೇ ಓಣಿಯ ಮೂವರು ನೆರೆಯವರು ಮೂರು ದಿಕ್ಕಿಗೆ ಪತ್ರ ಬರೆಯಬೇಕಾಗುತ್ತದೆ. ಒಬ್ಬನ ಅನುಭವವು ಮತ್ತೊಬ್ಬನಿಗೆ ಉಪಯೋಗಕ್ಕೆ ಬರುವುದು ಅಪರೂಪ. ಸೈನಿಕ ಪರಂಪರೆಯ ನಾಡೆಂಬ ಕೀರ್ತಿಯಿದ್ದರೂ ಅಪೀಲಿನ ವಿಷಯದಲ್ಲಿ ಕೊಡಗಿನವನು ಒಂಟಿ.

ದೂರದ ಪ್ರಶ್ನೆಯೂ ಇದಕ್ಕೆ ಸೇರುತ್ತದೆ. ಕೊಡಗಿಗೆ ಇಂದಿಗೂ ರೈಲುಮಾರ್ಗವಿಲ್ಲ. ಮಡಿಕೇರಿಯಲ್ಲಿ ಸೈನಿಕ ಕಲ್ಯಾಣ ಇಲಾಖೆಯ ಕಛೇರಿಯಿದೆ, ಮಾಜಿ ಸೈನಿಕರ ಆರೋಗ್ಯ ಯೋಜನೆಯ ಚಿಕಿತ್ಸಾಲಯವಿದೆ. ಅರ್ಜಿ ಬರೆಯುವಲ್ಲಿ ಇವುಗಳಿಂದ ಸಹಾಯ ದೊರೆಯುತ್ತದೆ. ಆದರೆ ಸೈನ್ಯದ ವೈದ್ಯ ಮಂಡಳಿಯ ಮುಂದೆ ಹಾಜರಾಗಲು ಘಟ್ಟವಿಳಿದು ಕಣ್ಣೂರಿಗೋ, ಬಯಲು ದಾಟಿ ಬೆಂಗಳೂರಿಗೋ ಹೋಗಬೇಕು. ಕುಳಿತುಕೊಳ್ಳಲಾರದ ಮನುಷ್ಯನನ್ನು ಮಾಕುಟ್ಟದ ತಿರುವುಗಳಲ್ಲಿ ಜೀಪಿನ ಹಿಂಬದಿಯಲ್ಲಿ ಮಲಗಿಸಿ ಇಳಿಸುವುದೆಂದರೆ ಏನೆಂಬುದನ್ನು ಆ ದಾರಿಯನ್ನು ಮಳೆಗಾಲದಲ್ಲಿ ಕಂಡವರು ಊಹಿಸಬಹುದು. 2018ರ ಆಗಸ್ಟಿನ ಭೂಕುಸಿತದಲ್ಲಿ ಜಿಲ್ಲೆಯ ಅನೇಕ ರಸ್ತೆಗಳು ಮುರಿದುಬಿದ್ದಾಗ ಆಸ್ಪತ್ರೆಗೆ ಹೋಗುವುದೇ ಪ್ರಯಾಸವಾಗಿದ್ದಿತು, ಅಪೀಲಿನ ಮಾತಂತಿರಲಿ.

2007ರ ಸಶಸ್ತ್ರ ಪಡೆಗಳ ನ್ಯಾಯಾಧಿಕರಣ ಶಾಸನವು ಕಡೆಗೂ ಆ ಮಧ್ಯಸ್ಥನನ್ನು ತಂದಿತು. 2009ರ ಆಗಸ್ಟಿನಲ್ಲಿ ನ್ಯಾಯಾಧಿಕರಣವು ಕೆಲಸಕ್ಕೆ ಪ್ರಾರಂಭಿಸಿತು. ಬ್ರಿಟನ್ನಿನ 1919ರ ಮಂಡಳಿಗಳಿಂದ ಎಣಿಸಿದರೆ 90 ವರ್ಷಗಳ ಅಂತರ. ಅದಕ್ಕೆ ಮುನ್ನ ಕರ್ನಾಟಕದ ಸೈನಿಕನು ಬೆಂಗಳೂರಿನ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬೇಕಾಗಿತ್ತು. ಅಲ್ಲಿ ಬಾಕಿಯಿದ್ದ ಮೊಕದ್ದಮೆಗಳು ನ್ಯಾಯಾಧಿಕರಣಕ್ಕೆ ವರ್ಗವಾದವು. ಕರ್ನಾಟಕವನ್ನು ಕೊಚ್ಚಿಯ ಪೀಠಕ್ಕೆ ಸೇರಿಸಲಾಯಿತು. ಒಬ್ಬ ನ್ಯಾಯಾಂಗದ ಸದಸ್ಯ, ಒಬ್ಬ ಸೈನ್ಯಾಡಳಿತದ ಸದಸ್ಯ, ಹೀಗೆ ಪೀಠದ ರಚನೆ. 1943ರ ಬ್ರಿಟಿಷ್ ಮಂಡಳಿಯಲ್ಲಿದ್ದ ವೈದ್ಯನಿಗೆ ಇಲ್ಲಿ ಆಸನವಿಲ್ಲ. ನ್ಯಾಯಾಧಿಕರಣದಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಲು ಸಾರ್ವಜನಿಕ ಮಹತ್ತ್ವದ ಕಾನೂನಿನ ಪ್ರಶ್ನೆಯಿರಬೇಕು, ಅನುಮತಿಯೂ ಬೇಕು. 2015ರ ಮಾರ್ಚಿನಲ್ಲಿ ಮೇಜರ್ ಜನರಲ್ ಶ್ರೀಕಾಂತ ಶರ್ಮರ ಮೊಕದ್ದಮೆಯ ತೀರ್ಪು ನ್ಯಾಯಾಧಿಕರಣದ ವಿರುದ್ಧ ಹೈಕೋರ್ಟಿಗೆ ಹೋಗುವ ಮಾರ್ಗವನ್ನು ಬಹುಮಟ್ಟಿಗೆ ಮುಚ್ಚಿತು. 2023ರ ಮಾರ್ಚಿನಲ್ಲಿ ಪರುಷೋತ್ತಮ ದಾಸ್ ಮೊಕದ್ದಮೆಯು ಅದನ್ನು ಪುನಃ ತೆರೆಯಿತು. ನಡುವಣ ಎಂಟು ವರ್ಷಗಳಲ್ಲಿ ಕೊಚ್ಚಿಯಲ್ಲಿ ಸೋತ ಸಾಮಾನ್ಯ ಜವಾನನಿಗೆ ದೆಹಲಿಯೇ ಮುಂದಿನ ಊರು. ಅವರಲ್ಲಿ ಹೆಚ್ಚಿನವರು ಮನೆಗೇ ಹೋಗಿರಬೇಕು.

ತಡವಾಗಿ ಬಂದವನಿಗೆ ಕಾನೂನು ಬಾಗಿಲನ್ನು ಪೂರ್ತಿ ಮುಚ್ಚುವುದಿಲ್ಲ. ವೇತನವು ತಿಂಗಳು ತಿಂಗಳೂ ಹುಟ್ಟುವ ಹಕ್ಕಾದುದರಿಂದ ಅನ್ಯಾಯವೂ ತಿಂಗಳು ತಿಂಗಳೂ ಹೊಸದಾಗಿ ಹುಟ್ಟುತ್ತದೆಂದು ನ್ಯಾಯಾಲಯವು ಒಪ್ಪುತ್ತದೆ. ಆದರೆ 1983ರಲ್ಲಿ ಸೈನ್ಯದಿಂದ ಹೊರಬಂದು 1999ರಲ್ಲಿ ಮೊಕದ್ದಮೆ ಹೂಡಿದ ತರ್ಸೇಮ್ ಸಿಂಗ್ ಎಂಬಾತನ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಹಿಂಬಾಕಿಯನ್ನು ಮೊಕದ್ದಮೆಗೆ ಹಿಂದಿನ ಮೂರು ವರ್ಷಗಳಿಗೆ ಮಿತಿಗೊಳಿಸಿತು. ಉಳಿದ ವರ್ಷಗಳ ಹಣ ಹೋಯಿತು. ಹಕ್ಕಿದೆಯೆಂಬುದೇ ತಡವಾಗಿ ತಿಳಿಯುವ ಕೊಡಗಿನಂತಹ ಪ್ರದೇಶದಲ್ಲಿ ಈ ಮೂರು ವರ್ಷದ ಮಿತಿಯೇ ಎಲ್ಲಕ್ಕಿಂತ ದೊಡ್ಡ ನಷ್ಟವೆಂದು ನನಗೆ ತೋರುತ್ತದೆ.

ಇದಕ್ಕಿಂತಲೂ ಚರಿತ್ರೆಯ ವಿದ್ಯಾರ್ಥಿಗೆ ಹತ್ತಿರದ ಸಂಗತಿಯೊಂದಿದೆ. ಪಿಂಚಣಿಯಿಲ್ಲದೆ ಹೊರಬಂದ ಸೈನಿಕನ ಸೇವಾ ದಾಖಲೆಗಳನ್ನು ಸೈನ್ಯದ ಕಛೇರಿಗಳು 25 ವರ್ಷ ಇಟ್ಟುಕೊಂಡು ಅನಂತರ ನಾಶಮಾಡುತ್ತವೆ. 2008ರ ಅರ್ಹತಾ ನಿಯಮಗಳು ಹಿಂದಿನ ಉದಾರತೆಯನ್ನು ಹಲವು ಕಡೆ ಕತ್ತರಿಸಿದವು. ಸೈನ್ಯಕ್ಕೆ ಸೇರುವಾಗಿನ ವೈದ್ಯ ಪರೀಕ್ಷೆಯು ಸ್ಥೂಲವಾದುದೆಂದು ಹೇಳಿ ಆರೋಗ್ಯದ ಭಾವನೆಯನ್ನು ಸಡಿಲಿಸಿದವು. ಬಿಡುಗಡೆಯಾದ 15 ವರ್ಷಗಳ ಮೇಲೆ, ದಾಖಲೆಗಳು ಅವಧಿ ಮುಗಿದು ನಾಶವಾದ ಬಳಿಕ, ಅರ್ಜಿ ಬಂದರೆ ರುಜುವಾತಿನ ಹೊಣೆ ಅರ್ಜಿದಾರನದೇ ಎಂದೂ ವಿಧಿಸಿದವು. ಒಬ್ಬನು ಇಟ್ಟ ಕಾಗದವನ್ನು ಅವನೇ ಸುಟ್ಟು, ಅದರಲ್ಲಿದ್ದುದನ್ನು ಎದುರಾಳಿಯು ಹೇಳಲೆಂದು ಕೇಳುವಂತಾಯಿತು ಇದು. 2023ರ ಸೆಪ್ಟೆಂಬರ್ 21ರಿಂದ ಬಂದ ಹೊಸ ನಿಯಮಗಳು ಅವಧಿ ಮುಗಿಸಿ ನಿವೃತ್ತರಾದವರ ವೈಕಲ್ಯಾಂಶಕ್ಕೆ ಹೆಸರನ್ನೇ ಬದಲಾಯಿಸಿವೆ. ಮಾಜಿ ಸೈನಿಕರ ಸಂಘಗಳು ಅವನ್ನು ವಿರೋಧಿಸಿವೆ.

ಹೀಗಿರುವಲ್ಲಿ ಕೊಡಗಿನ ಮನೆಗಳಲ್ಲಿರುವ ತಗಡಿನ ಪೆಟ್ಟಿಗೆಗಳಿಗೆ ಪತ್ರಾಗಾರದ ಬೆಲೆ ಬಂದಿದೆ. ಹೆಸರೂ ಸಂಖ್ಯೆಯೂ ಬಳಿದಿರುವ ಆ ಕರಿಯ ಪೆಟ್ಟಿಗೆಗಳಲ್ಲಿ ಬಿಡುಗಡೆಯ ಪುಸ್ತಕ, ಆಸ್ಪತ್ರೆಯ ಚೀಟಿ, ಪದಕದ ಪಟ್ಟಿ, ಎಂದೋ ಬಂದ ತಿರಸ್ಕಾರದ ಪತ್ರ ಇವೆಲ್ಲವೂ ಕೆಲವೊಮ್ಮೆ ಉಳಿದಿರುತ್ತವೆ. ಐನ್‌ಮನೆಯ ಅಟ್ಟದಲ್ಲಿದ್ದುದು ಉಳಿಯುತ್ತದೆ. ತೋಟದ ಲೈನ್‌ಮನೆಗಳಲ್ಲಿ ವರ್ಷಕ್ಕೊಮ್ಮೆ ಜಾಗ ಬದಲಾಯಿಸಿದವರ ಕಾಗದಗಳು ಗೆದ್ದಲಿಗೂ ಮಳೆಗೂ ಹೋಗುತ್ತವೆ. ಸೈನ್ಯಕ್ಕೆ ಹೋದವರು ಕೊಡವರು ಮಾತ್ರವಲ್ಲ. ಅರೆಭಾಷೆಯ ಗೌಡರು, ಮುಸಲ್ಮಾನರು, ಕ್ರೈಸ್ತರು, ಇತರ ಅನೇಕ ಸಮುದಾಯಗಳವರು ಹೋಗಿದ್ದಾರೆ. ದಾಖಲೆಯ ಉಳಿವಿನಲ್ಲಿ ಮಾತ್ರ ಎಲ್ಲರೂ ಸಮಾನರಲ್ಲ.

ಪೊನ್ನಂಪೇಟೆ ತಾಲೂಕಿನ ಒಂದು ಮನೆಯಲ್ಲಿ ಇಂತಹ ಪೆಟ್ಟಿಗೆಯೊಂದನ್ನು ನೋಡುವ ಅವಕಾಶ ಈ ಲೇಖಕನಿಗೆ ದೊರೆಯಿತು. ಮನೆಯವರ ಗುರುತನ್ನು ಹೇಳುವುದು ಉಚಿತವಲ್ಲ. ಮನೆಯ ಯಜಮಾನರು ಸೈನ್ಯದ ಲಾರಿಯೊಂದು ಪರ್ವತದ ರಸ್ತೆಯಲ್ಲಿ ಉರುಳಿದಾಗ ಬೆನ್ನುಮೂಳೆಗೆ ಪೆಟ್ಟು ತಿಂದವರು. ಗಾಯವು ಕರ್ತವ್ಯದಲ್ಲಿದ್ದಾಗ ಆದುದೆಂದು ಮೊದಲೇ ಅಂಗೀಕೃತವಾಗಿದ್ದುದು ಅವರ ಅದೃಷ್ಟ. ಆದರೆ ಅಂದಿನ ಮಂಡಳಿಯು ಕೊಟ್ಟ ಅಂಕಿ ಶೇಕಡಾ 60. ಆಗ ಅವರು ಕೋಲೂರಿ ನಡೆಯುತ್ತಿದ್ದರು. ಈಗ ಒಂಬತ್ತು ವರ್ಷಗಳಿಂದ ಹಾಸಿಗೆಯಲ್ಲಿದ್ದಾರೆ. ಮರುಪರೀಕ್ಷೆಗೂ ಪರಿಚರ್ಯಾ ಭತ್ಯೆಗೂ ಸಲ್ಲಿಸಿದ ಅರ್ಜಿಗೆ ಬಂದ ಉತ್ತರವು ನಾಲ್ಕು ಸಾಲಿನದು: ಇಂದಿನ ಸ್ಥಿತಿಯು ವಯೋಧರ್ಮದಿಂದಲೂ ಆದುದಾಗಿದ್ದು, ಆವಶ್ಯಕತೆಯು ಅಂಗೀಕೃತ ವೈಕಲ್ಯವೊಂದರಿಂದಲೇ ಹುಟ್ಟಿದುದಲ್ಲ. ಪತ್ರವನ್ನು ಬರೆದವರು ಅವರನ್ನು ನೋಡಿದವರಲ್ಲ. ಮಗನು ಅಪೀಲನ್ನು ಬರೆದಿದ್ದಾನೆ. ಅದರೊಡನೆ ಲಗತ್ತಿಸಲು ಏನೇನು ಕಾಗದಗಳಿವೆಯೆಂದು ನಾವು ಪೆಟ್ಟಿಗೆಯನ್ನು ತೆರೆದೆವು.

ಪೆಟ್ಟಿಗೆಯಲ್ಲಿದ್ದ ಸರ್ಕಾರಿ ಕಾಗದಗಳಿಗಿಂತ ನನ್ನ ಗಮನವನ್ನು ಹೆಚ್ಚಾಗಿ ಸೆಳೆದುದು ಅಡಿಗೆಮನೆಯ ಗೂಡಿನಲ್ಲಿದ್ದ ಒಂದು ನೋಟುಪುಸ್ತಕ. ಅದನ್ನು ಬರೆದವರು ಆತನ ಹೆಂಡತಿ. ಒಂದು ಕಡೆಯಲ್ಲಿ ಹಾಲು, ಅಕ್ಕಿ, ಕೂಲಿಯ ಲೆಕ್ಕ. ಮತ್ತೊಂದು ಕಡೆಯಲ್ಲಿ ರಾತ್ರಿ ಎಷ್ಟು ಹೊತ್ತಿಗೆ ಹೊರಳಿಸಿದ್ದು, ಬೆನ್ನಿನ ಹುಣ್ಣನ್ನು ಯಾವ ದಿನ ತೊಳೆದದ್ದು, ಜ್ವರ ಬಂದದ್ದು, ನಳಿಕೆ ಬದಲಾಯಿಸಿದ್ದು, ಸಹಾಯಕ್ಕೆ ಬರುತ್ತಿದ್ದ ಹುಡುಗ ಕೆಲಸ ಬಿಟ್ಟದ್ದು. ಒಂಬತ್ತು ವರ್ಷಗಳಿಗೆ ಹನ್ನೊಂದು ಪುಸ್ತಕಗಳಾಗಿವೆ. “ಬರೆದಿಡದಿದ್ದರೆ ಯಾವಾಗ ಹೊರಳಿಸಿದೆನೆಂದು ನಿದ್ದೆಗಣ್ಣಿನಲ್ಲಿ ನೆನಪಿರುವುದಿಲ್ಲ, ಮೇಷ್ಟ್ರೇ” ಎಂದರು ಆಕೆ. ಅಪೀಲಿಗೆ ಅದು ಆಧಾರವಾದೀತೆಂಬ ಯೋಚನೆ ಆಕೆಗೆ ಇರಲೇ ಇಲ್ಲ. ವೈದ್ಯ ಮಂಡಳಿಯು ಒಂದು ಬೆಳಗಿನ ಅರ್ಧ ಗಂಟೆಯಲ್ಲಿ ನಿರ್ಣಯಿಸಬೇಕಾದ ಪ್ರಶ್ನೆಗೆ, ಅಂದರೆ ಈ ಮನುಷ್ಯನಿಗೆ ಪರಿಚಾರಕನು ಸದಾ ಬೇಕೇ ಮತ್ತು ಯಾತರಿಂದ ಬೇಕು ಎಂಬುದಕ್ಕೆ, ದಿನದಿನದ ಉತ್ತರವು ಆ ಪುಸ್ತಕಗಳಲ್ಲಿದೆ. ಹುಣ್ಣು ಬೆನ್ನಿನದು, ನಳಿಕೆಯೂ ಬೆನ್ನುಹುರಿಯ ಫಲ, ಮಂಡಿಯದಲ್ಲ. ಆದರೆ ಅರ್ಜಿಯೊಡನೆ ಲಗತ್ತಿಸಬೇಕಾದ ಕಾಗದಗಳ ಪಟ್ಟಿಯಲ್ಲಿ ಇಂತಹ ಪುಸ್ತಕಕ್ಕೆ ಸ್ಥಾನವಿಲ್ಲ.

ಮಗನು ಹನ್ನೊಂದನ್ನೂ ವಿರಾಜಪೇಟೆಗೆ ಒಯ್ದು ನಕಲು ತೆಗೆಸಿ ಅಪೀಲಿನೊಡನೆ ಸೇರಿಸಿದನು. ಮೂಲ ಪುಸ್ತಕಗಳು ಪೆಟ್ಟಿಗೆಯಲ್ಲಿ, ಬಿಡುಗಡೆಯ ಪುಸ್ತಕದ ಕೆಳಗೆ ಇವೆ. ಹನ್ನೆರಡನೆಯದು ಅಡಿಗೆಮನೆಯ ಗೂಡಿನಲ್ಲಿದೆ. ಈ ಲೇಖನವನ್ನು ಬರೆಯುವ ಕಾಲಕ್ಕೆ ಅಪೀಲು ತೀರ್ಮಾನವಾಗಿಲ್ಲ.